ಭಾಷಣಕ್ಕೆ ಬಂದ ಅತ್ತೆ

ಧಾರವಾಡದಲ್ಲಿ ಭಾಷಣ ಮಾಡುವುದೆಂದರೆ ಮೊದಲು ಬೇರೆಯವರ ಭಾಷಣ ಕೇಳುವುದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ ಎಲ್ಲ ಮುಗಿದು ಮೈಕು ನನ್ನ ಕೈಗೆ ಬರುವ ಹೊತ್ತಿಗೆ ಮುಂದಿನ ಸಾಲಿನ ನಿವೃತ್ತ ಮಾಸ್ತರರು ಒಂದು ನಿದ್ದೆ ಮುಗಿಸಿ ತಾಜಾ ಆಗಿರುತ್ತಿದ್ದರು. ತೊಂಬತ್ತರ ದಶಕದಲ್ಲಿ ನನ್ನ ಪ್ರಬಂಧಗಳು ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ ಇಂಥ ಕರೆಗಳು ಹೆಚ್ಚಾದವು. ಜನ ಓದುವುದನ್ನೇ ಬಿಟ್ಟಿದ್ದಾರೆ ಎಂದು ನಾನು ಊರೂರು ತಿರುಗಿ ಮರುಗುತ್ತಿದ್ದೆ.

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಾತ್ರ, ನಾನು ಸೀರೆ ಬದಲಿಸಿದೆನೆಂದರೆ ಅತ್ತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. "ಇವತ್ತೂ ಐತೇನು?" ಇಷ್ಟೇ ಮಾತು. ಸೊಸೆ ವೇದಿಕೆ ಹತ್ತುವುದು ಅವರಿಗೆ ಸೇರದು ಎಂದುಕೊಂಡಿದ್ದೆ. ಊರೆಲ್ಲ ಚಪ್ಪಾಳೆ ತಟ್ಟಿದರೇನು, ಇವರೊಬ್ಬರು ಒಮ್ಮೆ ಕೇಳಿ ಛಲೋ ಅನ್ನಲಿ ಎಂದು ಜೀವ ಹಂಬಲಿಸುತ್ತಿತ್ತು. ಒಂದು ರವಿವಾರ ಕಾಡಿಬೇಡಿ ಕರೆದುಕೊಂಡು ಹೋದೆ.

ಅಂದು ನನ್ನನ್ನು ಪರಿಚಯಿಸಿದ ಪ್ರಾಧ್ಯಾಪಕರು ಮಹಾ ಶ್ರದ್ಧಾವಂತರು. ನನ್ನ ಪುಸ್ತಕವನ್ನು ಗೆರೆ ಹಾಕಿ ಓದಿಕೊಂಡು ಬಂದಿದ್ದರು. ಗೌರವ ಉಕ್ಕಿ, ನಾನು ಹೇಳಬೇಕೆಂದಿದ್ದನ್ನೆಲ್ಲ ತಾವೇ ಹೇಳಿ, ನನ್ನ ಜೋಕುಗಳನ್ನೂ ಬಿಡದೆ ಮುಗಿಸಿ, "ಇನ್ನ ಅವರ ಬಾಯಿಂದನ ಕೇಳೂಣ್ರಿ" ಎಂದು ಕೂತರು. ನನಗೆ ಉಳಿದದ್ದು ಬರೀ ಮೈಕು.

ಬೇರೆ ದಾರಿ ಕಾಣದೆ ಮನೆಯ ಓದಿನ ಸುದ್ದಿ ತೆಗೆದೆ. ಅತ್ತೆಯ ಕಣ್ಣಿಗೆ ಈಗ ಅಕ್ಷರ ಮಂಜು, ಸಂಜೆ ಅವರು ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಕಾದಂಬರಿ ಓದಿ ಹೇಳುತ್ತೇನೆ, ಅವರು ನಾಯಕನಿಗೆ ಬೈಯುತ್ತಾರೆ, ಸಿಟ್ಟಿನಲ್ಲಿ ರೊಟ್ಟಿ ಹರಿಯುತ್ತದೆ ಎಂದೆ. ಸಭೆ ನಕ್ಕಿತು.

ಅತ್ತೆ ಕೂತಲ್ಲಿಂದಲೇ ಹೇಳಿದರು: "ಸುಳ್ಳು ಹೇಳಬ್ಯಾಡ. ನನ್ನ ರೊಟ್ಟಿ ಯಾವತ್ತೂ ಹರದಿಲ್ಲ."

ನಮ್ಮ ಸಭಿಕರು ಇಂಥ ಅವಕಾಶ ಬಿಟ್ಟಾರೆಯೇ? ಮಾಸ್ತರರೊಬ್ಬರು ಎದ್ದು, "ಹಂಗಾರ ಸೊಸಿ ಭಾಷಣ ಹೆಂಗ ಅನಿಸಿತ್ರಿ ಅಮ್ಮಾರ?" ಎಂದು ಸಂದರ್ಶನವನ್ನೇ ಶುರು ಮಾಡಿದರು.

ಅತ್ತೆ ಸೆರಗು ಸರಿ ಮಾಡಿಕೊಂಡರು. "ಮಾತು ಛಲೋ ಆಡ್ತಾಳ್ರಿ. ಆದ್ರ ಇಕಿ ಭಾಷಣಕ್ಕ ಹೋದ ದಿನ ನನಗ ಓದಿ ಹೇಳಾವ್ರು ಯಾರು? ನಮ್ಮ ಕಾದಂಬರಿಯೊಳಗ ಮನಿ ಬಿಟ್ಟು ಬಂದ ಹುಡುಗಿ ಒಬ್ಬಾಕಿನ ಬಸ್‌ಸ್ಟ್ಯಾಂಡಿನ್ಯಾಗ ಕುಂತು ವಾರ ಆತು. ನೀವು ಕರೀತೀರಿ, ಇಕಿ ಬರ್ತಾಳ, ಆ ಹುಡುಗಿ ಅಲ್ಲೇ ಕುಂತಾಳ."

ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮೈಕು ಅಲ್ಲೇ ಇಟ್ಟು ಕೂತುಬಿಟ್ಟೆ.

ಇನ್ನು ಅಧ್ಯಕ್ಷರ ಸರದಿ. ನಮ್ಮ ಕಡೆ ಅಧ್ಯಕ್ಷೀಯ ಭಾಷಣವನ್ನು ಯಾರೂ ಬಿಟ್ಟುಕೊಟ್ಟದ್ದಿಲ್ಲ. ಆ ಹಿರಿಯರು ಎದ್ದು ಕನ್ನಡಕ ಏರಿಸಿ, ಬರೆದು ತಂದ ಹಾಳೆಗಳನ್ನು ಒಮ್ಮೆ ನೋಡಿ, ಮಡಚಿ ಜೇಬಿಗಿಟ್ಟರು.

"ಅತ್ತಿ ಸೊಸಿ ಇಬ್ಬರೂ ಲಗೂ ಮನಿಗೆ ಹೋಗ್ರಿ," ಎಂದರು. "ಆ ಹುಡುಗಿ ಕಾಯಾಕತ್ತಾಳ."