ಎರಡೂ ಕಡೆ ಬೈಸಿಕೊಳ್ಳಬೇಕಾದ ಮ್ಯಾನೇಜರ್

ಹಂಗಳದ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಅರ್ಜಿ, ಅಫಿಡವಿಟ್, ಮದುವೆಯ ಬಯೋಡೇಟಾ ಎಲ್ಲವನ್ನೂ ಮಾಡಿಕೊಡುತ್ತೇನೆ. ದೂರಿನ ಅರ್ಜಿ ಬರೆಯುವುದರಲ್ಲಿ ಶಾಂತರಾಜುವಿನ ಕೈ ಪಳಗಿದೆ ಎಂದು ಜನ ಹೇಳುತ್ತಾರೆ. ಸುಳ್ಳೇನಲ್ಲ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಚಿಕ್ಕಮಾದುವಿನ ವಿರುದ್ಧವೇ ಈ ಹತ್ತು ವರ್ಷಗಳಲ್ಲಿ ಕಂತೆಗಟ್ಟಲೆ ದೂರು ಟೈಪು ಮಾಡಿದ್ದೇನೆ. ಅಂಚೆಗೆ ಹಾಕುವ ಮೊದಲು ಅವನಿಗೇ ಓದಿ ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚಿ ಕೇಳಿ, "ಇನ್ನೊಸಿ ಕಾರ ಆಕ್ಲಾ ಶಾಂತರಾಜು, ಸಪ್ಪೆ ಆಯ್ತು" ಎನ್ನುತ್ತಿದ್ದ.

ಇದು ಹುಚ್ಚರ ವ್ಯವಹಾರವೆಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೂ ಸ್ವಲ್ಪ ವಿವರ ಕೇಳಿ.

ಹಂಗಳದಿಂದ ಮೂರು ಮೈಲಿ ದೂರದಲ್ಲಿ ಹೊನ್ನಮ್ಮನಕೆರೆ ಇದೆ. ಅದರ ದಡದಲ್ಲಿ ಹದಿನಾಲ್ಕು ಎಕರೆ ತೋಪು, ಒಂದು ಹೆಂಚಿನ ಬಂಗಲೆ, ದೋಣಿ ಕಟ್ಟುವ ಕಲ್ಲಿನ ಕಟ್ಟೆ. ಇಷ್ಟಕ್ಕೂ ಒಡತಿ ಬೇಗೂರಿನ ಗಂಗಾಂಬಿಕೆಯವರು. ಈ ಜಾಗವನ್ನು ಎರಡು ಕ್ಲಬ್ಬಿನವರು ಹಂಚಿಕೊಂಡಿದ್ದಾರೆ. ಒಂದು ಚಾಮರಾಜನಗರದ ಗಾಳದ ಕ್ಲಬ್ಬು. ಅದರಲ್ಲಿರುವವರು ಹೆಚ್ಚಾಗಿ ನಿವೃತ್ತರು. ಬೆಳಗಿನಿಂದ ಕೂತು ಮೀನು ಹಿಡಿದು, ತೂಕ ಮಾಡಿ, ಫೋಟೊ ತೆಗೆಸಿಕೊಂಡು, ಮತ್ತೆ ಅದನ್ನು ನೀರಿಗೇ ಬಿಡುತ್ತಾರೆ. ಹಿಡಿದ ಮೀನನ್ನು ಸಾರು ಮಾಡದೆ ಬಿಟ್ಟು ಬರುವವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಚಿಕ್ಕಮಾದುವಿನ ಹೆಂಡತಿ ಗುರುಮಲ್ಲಮ್ಮ ಇವತ್ತಿಗೂ ಕೇಳುತ್ತಾಳೆ. ಇನ್ನೊಂದು ಮೈಸೂರಿನ ಹಾಯಿದೋಣಿ ಕ್ಲಬ್ಬು. ಗಾಳಿ ಬಂದರೆ ಕೂಗಾಡುತ್ತಾರೆ, ಬರದಿದ್ದರೆ ಫೋನಿನಲ್ಲಿ ಗಾಳಿ ಹುಡುಕುತ್ತಾರೆ. ಗಾಳದವರಿಗೆ ನೀರು ಅಲುಗಬಾರದು. ಹಾಯಿಯವರಿಗೆ ನೀರು ಅಲುಗದಿದ್ದರೆ ಬಂದದ್ದೇ ದಂಡ. ಇವರಿಬ್ಬರ ನಡುವೆ ಯಾರಿಗೆ ಯಾವ ಹೊತ್ತು, ಯಾರಿಗೆ ಯಾವ ಮೂಲೆ ಎಂದು ಹಂಚುವ ಮ್ಯಾನೇಜರೇ ನಮ್ಮ ಚಿಕ್ಕಮಾದು.

ಅವನ ಅಪ್ಪ ರಾಚಯ್ಯ ಅದೇ ಕೆರೆಗೆ ನೀರುಗಂಟಿಯಾಗಿದ್ದವನು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವ ಕೆಲಸ. ಆಗ ಗಂಗಾಂಬಿಕೆಯವರ ಮಾವನವರು ಪ್ರತಿ ಯುಗಾದಿಗೆ ಮೊದಲು ಏರಿಯ ಮೇಲೆ ಕೂತು, ತೂಬಿನ ಹತ್ತಿರದ ರೈತರನ್ನೂ ಕಾಲುವೆಯ ಕೊನೆಯ ರೈತರನ್ನೂ ಕರೆಸಿ ನೀರುಗಂಟಿಯ ಮೇಲೆ ದೂರು ಹೇಳಿಸುತ್ತಿದ್ದರಂತೆ. ಎರಡೂ ಕಡೆಯವರು ಸಮಸಮವಾಗಿ ಬೈದರೆ ರಾಚಯ್ಯನೇ ಮುಂದಿನ ವರ್ಷಕ್ಕೂ. ಒಂದು ಕಡೆಯವರು ಬೈಯದೆ ಹೊಗಳಿದರೆ, ಅವರ ಗದ್ದೆಗೆ ಎಲ್ಲೋ ಕದ್ದು ನೀರು ಹರಿದಿದೆ ಎಂದೇ ಅರ್ಥ. ಇದಕ್ಕಿಂತ ವಿಚಿತ್ರವಾದ ಪರೀಕ್ಷೆಯನ್ನು ನಾನು ಕಂಡಿಲ್ಲ, ಇದಕ್ಕಿಂತ ಸರಿಯಾದದ್ದನ್ನೂ ಕಂಡಿಲ್ಲ.

ಗಂಗಾಂಬಿಕೆಯವರು ಅದೇ ಪದ್ಧತಿಯನ್ನು ಕ್ಲಬ್ಬುಗಳಿಗೂ ಇಟ್ಟುಕೊಂಡರು. ಅವರ ಮನೆಯ ಜಗುಲಿಯ ಕಂಬಕ್ಕೆ ಎರಡು ತಂತಿ ತೂಗುಹಾಕಿದ್ದಾರೆ. ಗಾಳದವರ ದೂರು ಬಂದರೆ ಒಂದಕ್ಕೆ ಚುಚ್ಚುತ್ತಾರೆ, ಹಾಯಿಯವರದು ಬಂದರೆ ಇನ್ನೊಂದಕ್ಕೆ. ಒಳಗಿರುವುದನ್ನು ಓದುವುದಿಲ್ಲ. ಯುಗಾದಿಯ ಹಿಂದಿನ ಭಾನುವಾರ ಎರಡು ತಂತಿಗಳನ್ನೂ ಕೆರೆಯ ಹತ್ತಿರ ತಂದು ಅಕ್ಕಪಕ್ಕ ಹಿಡಿದು ನೋಡುತ್ತಾರೆ. ಕಾಗದಗಳು ಸಮನಾಗಿದ್ದರೆ ಚಿಕ್ಕಮಾದು ಇನ್ನೊಂದು ವರ್ಷಕ್ಕೆ ಮ್ಯಾನೇಜರ್.

ಹೀಗಾಗಿ ಬೈಗುಳವನ್ನು ತೂಗಿಸಿಕೊಂಡು ಹೋಗುವುದೇ ಅವನ ಮುಖ್ಯ ಕೆಲಸವಾಗಿತ್ತು. ನ್ಯಾಯವಾಗಿ ಹಂಚುತ್ತಿದ್ದುದರಿಂದ ಅದು ತಾನಾಗಿಯೇ ಸಮ ಬೀಳುತ್ತಿತ್ತು. ಎಲ್ಲೋ ಒಮ್ಮೆ ಹೆಚ್ಚುಕಡಿಮೆಯಾದರೆ, ಹಿಂದುಳಿದ ಕಡೆಯವರ ಎದುರಿಗೆ ಗಟ್ಟಿಯಾಗಿ ರೇಡಿಯೋ ಹಾಕಿಕೊಂಡು ಓಡಾಡಿದರೆ ಸಾಕು, ಮರುದಿನವೇ ಅವರು ನನ್ನ ಅಂಗಡಿಯಲ್ಲಿ ಇರುತ್ತಿದ್ದರು.

ಎಡವಟ್ಟಾದದ್ದು ಹೋದ ವರ್ಷ. ಗಾಳದ ಕ್ಲಬ್ಬಿನ ಅಧ್ಯಕ್ಷರು ಶಿವಶಂಕರ ಅಂತ, ನಿವೃತ್ತ ಇಂಜಿನಿಯರ್. ಆರು ವರ್ಷ ಗಾಳ ಹಾಕಿದ್ದರೂ ಅಂಗೈಗಿಂತ ದೊಡ್ಡ ಮೀನು ಅವರಿಗೆ ಸಿಕ್ಕಿರಲಿಲ್ಲ. ಒಂದು ದಿನ ಅವರು ತಪ್ಪು ಮೂಲೆಯಲ್ಲಿ ಕೂತಿದ್ದರೆಂದು ಚಿಕ್ಕಮಾದು ಎಬ್ಬಿಸಿ ಅವರ ಸರದಿಯ ಮೂಲೆಗೆ ಕಳಿಸಿದ. ಅಲ್ಲಿ ಹದಿನೆಂಟು ಕೆಜಿಯ ಕಾಟ್ಲಾ ಕಚ್ಚಿತು. ಶಿವಶಂಕರ ಅವರು ಮೀನಿನ ಜೊತೆ ನೀರಿಗೆ ಬಿದ್ದು, ಮೀನನ್ನು ತಬ್ಬಿಕೊಂಡೇ ಎದ್ದರು. ಫೋಟೊ ಪೇಪರಿನಲ್ಲಿ ಬಂತು. ಅವತ್ತಿನಿಂದ ಆ ಕ್ಲಬ್ಬಿನಲ್ಲಿ ಚಿಕ್ಕಮಾದು ಎಂದರೆ ದೇವರು. ದೂರು ಪೂರ್ತಿ ನಿಂತುಹೋಯಿತು.

ಹಾಯಿಯವರು ಮಾತ್ರ ಪದ್ಧತಿ ಬಿಡಲಿಲ್ಲ. ಅವರ ಅಧ್ಯಕ್ಷೆ ಪವಿತ್ರ, ಮೈಸೂರಿನ ಹಲ್ಲಿನ ಡಾಕ್ಟರು, ವಾರಕ್ಕೊಂದು ದೂರನ್ನು ತಪ್ಪದೆ ಕಳಿಸುತ್ತಿದ್ದರು. ಫೆಬ್ರವರಿಯ ಹೊತ್ತಿಗೆ ಹಾಯಿಯವರ ತಂತಿ ತುಂಬಿ ತುಳುಕುತ್ತಿತ್ತು, ಗಾಳದವರದು ಅರ್ಧಕ್ಕೇ ನಿಂತಿತ್ತು. ಯುಗಾದಿ ಹತ್ತಿರ ಬಂದಾಗ ಗಂಗಾಂಬಿಕೆಯವರು ಚಿಕ್ಕಮಾದುವನ್ನು ಬೇಗೂರಿಗೆ ಕರೆಸಿದರು.

"ಏನೋ ಮಾದು, ಗಾಳದೋರ್ಗೆ ಏನ್ ಕೊಟ್ಟೆ?"

"ಏನೂ ಕೊಟ್ಟಿಲ್ಲ ಅಮ್ಮಾರೇ."

"ಕೊಡ್ದಿದ್ರೆ ಯಾಕ್ ಬಯ್ತಾ ಇಲ್ಲ? ನಮ್ಮ ಮಾವನೋರು ಇದ್ದಿದ್ರೆ ಇವತ್ತೇ ಕಳಿಸ್ಬುಡೋರು. ನಾನು ಭಾನುವಾರ್ದವರ್ಗೂ ನೋಡ್ತೀನಿ. ಆಮೇಲೆ ಸಂತೆಮರಹಳ್ಳಿ ಕುಮಾರಸ್ವಾಮಿ ಇದ್ದೇ ಅವ್ನೆ."

ಕುಮಾರಸ್ವಾಮಿ ಎಂದರೆ ಗಂಗಾಂಬಿಕೆಯವರ ದೂರದ ಸಂಬಂಧಿ, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಅವನು ಬಂದರೆ ಚಿಕ್ಕಮಾದುವಿನ ಕೆಲಸವೂ ಹೋಯಿತು, ತೋಪಿನೊಳಗಿನ ಮನೆಯೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ರಾಚಯ್ಯನ ಮಗ ಕೆರೆಯಲ್ಲಿ ಕಳ್ಳಾಟ ಆಡಿದ ಎನ್ನುವ ಮಾತು ಉಳಿಯುತ್ತಿತ್ತು. ಅವನ ನಿದ್ದೆ ಕೆಡಿಸಿದ್ದು ಈ ಕೊನೆಯದು. ಕೈಯಲ್ಲಿ ಇದ್ದದ್ದು ಆರು ದಿನ. ಅಷ್ಟರೊಳಗೆ ಗಾಳದವರಿಂದ ಬೈಸಿಕೊಳ್ಳಬೇಕಿತ್ತು.

ಸೋಮವಾರ ಎರೆಹುಳು ಇಡುವ ಕೋಣೆಗೆ ಬೀಗ ಜಡಿದು, ಬೇಕಾದವರು ಅಗೆದುಕೊಳ್ಳಿ ಎಂದ. ಗಾಳದವರು ಪಂಚೆ ಎತ್ತಿಕಟ್ಟಿ ಅಗೆದರು. ಮಾರನೆಯ ದಿನ ಅವರಲ್ಲಿ ಇಬ್ಬರು ಬಂದು, ಹತ್ತು ವರ್ಷದ ಸೊಂಟನೋವು ಹೋಯಿತು ಎಂದು ಅವನ ಕೈ ಹಿಡಿದುಕೊಂಡರು.

ಮಂಗಳವಾರ ಊರಿನ ಎಮ್ಮೆಗಳನ್ನೆಲ್ಲ ಹೊಡೆದುಕೊಂಡು ಬಂದು ಗಾಳದವರ ಮೂಲೆಗೇ ಇಳಿಸಿದ. ಎಮ್ಮೆಗಳು ಕೆಸರು ಕದಡಿದವು, ಕೆಸರಿನ ಹುಳುವಿಗೆ ಮೀನು ಮುತ್ತಿದವು. ಅವತ್ತು ಬಿದ್ದಷ್ಟು ಮೀನು ಯಾವ ಕಾಲದಲ್ಲೂ ಬಿದ್ದಿರಲಿಲ್ಲ. ನಾಳೆಯೂ ಎಮ್ಮೆ ಬರುತ್ತದೆಯೇ ಎಂದು ಅವರು ಕೇಳಿದರು.

ಬುಧವಾರ ಅವರ ಬೆಳಗಿನ ಸರದಿಯನ್ನು ಕಿತ್ತುಕೊಂಡ. ಗಾಳದವರು ಹೊಂಗೆಯ ನೆರಳಿನಲ್ಲಿ ಉಪ್ಪಿಟ್ಟು ತಿಂದು ಮಲಗಿದರು. ಎದ್ದು, ಇಂಥ ನಿದ್ದೆ ಸರ್ವಿಸಿನಲ್ಲೂ ಬಂದಿರಲಿಲ್ಲ ಎಂದರು.

ಗುರುವಾರ ಚಿಕ್ಕಮಾದು ಮನಸ್ಸು ಗಟ್ಟಿಮಾಡಿಕೊಂಡು ಶಿವಶಂಕರ ಅವರ ಮುಂದೆಯೇ ನಿಂತ. ಜೊತೆಗೆ ನಾನೂ ಇದ್ದೆ.

"ಸಾರ್, ಒಂದ್ಮಾತ್ ಏಳ್ತೀನಿ, ಬ್ಯಾಸ್ರ ಮಾಡ್ಕಬೇಕು ನೀವು. ನಿಮ್ಗೆ ಗಾಳ ಇಡಿಯಕ್ಕೇ ಬರಕಿಲ್ಲ. ಆ ಮೀನು ದಾರಿ ತಪ್ಪಿ ಬಂದಿದ್ದು. ನಮ್ಮನೆ ಎಮ್ಮೆ ಬಾಲುಕ್ಕೆ ದಾರ ಕಟ್ಟಿದ್ರೂ ಕಚ್ಚದು."

ಶಿವಶಂಕರ ಅವರ ಕಣ್ಣು ತುಂಬಿಬಂತು. "ಚಿಕ್ಕಮಾದು, ಮೂವತ್ತು ವರ್ಷ ಆಫೀಸರಾಗಿದ್ದೆ ಕಣಪ್ಪ. ನನ್ನೆದುರು ನಿಂತು ನಿಜ ಹೇಳಿದವನು ನೀನೊಬ್ಬನೇ" ಎಂದು ಅವನನ್ನು ಅಪ್ಪಿಕೊಂಡರು. ಅವರ ಭುಜದ ಮೇಲಿನಿಂದ ಚಿಕ್ಕಮಾದು ನನ್ನನ್ನು ನೋಡಿದ. ನನಗೆ ನಗು ತಡೆಯಲಾಗದೆ ಎಮ್ಮೆಗಳ ಕಡೆ ತಿರುಗಿದೆ.

ಶುಕ್ರವಾರ ಮಧ್ಯಾಹ್ನ ಅವನ ಮನೆಯಲ್ಲಿ ಮುದ್ದೆ ಉಣ್ಣುತ್ತಾ ಮೂವರೂ ಯೋಚನೆ ಮಾಡಿದೆವು.

"ನಂಗೇಳಿ, ನಾನ್ ಬಯ್ತೀನಿ. ನೀವು ಅವ್ರೆಸ್ರಲ್ಲಿ ಬರ್ಕಳಿ. ಇಪ್ಪತ್ತಾರು ವರ್ಸದ್ದು ಐತೆ ನನ್ತಾವು" ಎಂದಳು ಗುರುಮಲ್ಲಮ್ಮ.

"ಅದೇ ನಾನೂ ಏಳೋದು" ಎಂದೆ ನಾನು. "ಗಾಳದೋರ ಲೆಟರ್‌ಹೆಡ್ಡು ನನ್ನ ಕಂಪ್ಯೂಟರ್‌ನಲ್ಲೇ ಅದೆ. ಒಂದ್ಗಂಟೆ ಕೊಡು, ಹನ್ನೆರಡು ದೂರು ಒಡೆದಾಕ್ಬುಡ್ತೀನಿ. ಅಮ್ಮಾರು ಓದದೇ ಇಲ್ವಲ್ಲ."

ಚಿಕ್ಕಮಾದು ತಟ್ಟೆ ಸರಿಸಿದ. "ಬ್ಯಾಡ ಕಣ್ಲಾ. ನಮ್ಮಪ್ಪ ತಿಂದಿದ್ದೆಲ್ಲ ಅಸಲಿ ಬೈಗುಳ. ನಾನು ಡೂಪ್ಲಿಕೇಟ್ ತಿಂದು ಬದುಕ್ಲಾ?"

ನನಗೆ ಸಿಟ್ಟು ಬಂತು. ಇಂಥ ಪ್ರಾಮಾಣಿಕರ ಜೊತೆ ಗೆಳೆತನ ಇಟ್ಟುಕೊಂಡರೆ ನೆಮ್ಮದಿಯಾಗಿ ಮುದ್ದೆಯೂ ಇಳಿಯುವುದಿಲ್ಲ.

ಭಾನುವಾರ ಬಂತು. ಗಂಗಾಂಬಿಕೆಯವರು ವಿಭೂತಿ ಧರಿಸಿ, ಕಾರಿನಲ್ಲಿ ತಮ್ಮದೇ ಕುರ್ಚಿ ತಂದು ಏರಿಯ ಮೇಲೆ ಹಾಕಿಸಿಕೊಂಡರು. ಎರಡು ತಂತಿಗಳನ್ನು ಬೇವಿನ ಕೊಂಬೆಗೆ ತೂಗುಹಾಕಿಸಿದರು. ಪವಿತ್ರ ಮತ್ತು ಹಾಯಿಯವರು ಒಂದು ಪಕ್ಕಕ್ಕೆ ನಿಂತಿದ್ದರು. ಹಾಯಿಯವರದು ಗೇಣುದ್ದ, ಗಾಳದವರದು ಅದರ ಅರ್ಧ. ಸಂತೆಮರಹಳ್ಳಿಯ ಕುಮಾರಸ್ವಾಮಿಯೂ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದು, ಚಿಕ್ಕಮಾದುವಿನ ಮನೆಯ ಕಿಟಕಿಗಳನ್ನು ಈಗಲೇ ಎಣಿಸುತ್ತಾ ನಿಂತಿದ್ದ.

ಅಷ್ಟರಲ್ಲಿ ಗಾಳದವರ ಮೆರವಣಿಗೆ ಬಂತು. ಮುಂದೆ ಶಿವಶಂಕರ ಅವರು, ಅವರ ಹಿಂದೆ ಹನ್ನೊಂದು ಮಂದಿ. ಕೈಯಲ್ಲಿ ಹಣ್ಣಿನ ತಟ್ಟೆ, ಗಂಧದ ಹಾರ, ಮೈಸೂರು ಪೇಟ, ಶಾಲು. ಅವರು ಮೈಕನ್ನೂ ತಂದಿದ್ದರು.

"ಅಯ್ಯೋ ಶಿವನೆ" ಎಂದು ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

ಶಿವಶಂಕರ ಅವರು ಚಿಕ್ಕಮಾದುವನ್ನು ಹೊಗಳತೊಡಗಿದರು. ಕರ್ಮಯೋಗಿ ಎಂದರು, ಕೆರೆಯ ಕಾವಲು ದೈವ ಎಂದರು, ತಮ್ಮ ಸೊಂಟನೋವಿನ ಧನ್ವಂತರಿ ಎಂದರು. ಒಂದೊಂದು ಹೊಗಳಿಕೆಗೂ ಗಂಗಾಂಬಿಕೆಯವರ ಮುಖ ಗಂಟಿಕ್ಕುತ್ತಾ ಹೋಯಿತು. ಗುರುಮಲ್ಲಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಕೊನೆಗೆ ಶಿವಶಂಕರ ಅವರು ಶಾಲು ಬಿಡಿಸಿ ಚಿಕ್ಕಮಾದುವಿನ ಹೆಗಲಿಗೆ ಹೊದಿಸಲು ಬಂದರು. ಚಿಕ್ಕಮಾದು ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡಿ ಸಾರ್."

"ಸಂಕೋಚ ಯಾಕೆ, ಬಾ."

"ಸಂಕೋಚ ಅಲ್ಲ ಸಾರ್. ನಮ್ಮಪ್ಪ ತೂಬಿನ ಪಕ್ಕದ ಗದ್ದೆಯೋರ ಮಜ್ಜಿಗೇನೂ ಕುಡೀತಿರ್ನಿಲ್ಲ. ಕುಡುದ್ರೆ ಕೊನೆ ಗದ್ದೆಯೋರ ಮುಖ ಎಂಗ್ ನೋಡದು ಅಂತಿದ್ದ. ಇದ ನಾನು ಒದ್ಕಂಡ್ರೆ ನಾಳೆ ಆ ಡಾಕ್ಟ್ರಮ್ಮಾರಿಗೆ ಯಾವ ಬಾಯಲ್ಲಿ ಸರದಿ ಏಳ್ಲಿ? ತಗಂಡೋಗ್ಬುಡಿ ಸಾರ್."

ಮೈಕು ಆನ್ ಆಗಿಯೇ ಇತ್ತು. ಮಾತು ಕೆರೆಯ ಆಚೆ ದಡಕ್ಕೂ ಕೇಳಿಸಿತು. ಶಾಲು ಹಿಡಿದ ಶಿವಶಂಕರ ಅವರ ಕೈ ಮೇಲೇ ಉಳಿಯಿತು. ಅವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಏನು? ನನ್ನ ಶಾಲು ಬೇಡವೇ? ಇಷ್ಟು ಜನರ ಮುಂದೆ? ಎಂಥೆಂಥ ಮಂತ್ರಿಗಳಿಗೆ ಹೊದಿಸಿದ ಕೈ ಇದು. ನೀನು ಎಮ್ಮೆ ಬಿಟ್ಟೆ, ನಾನು ಸುಮ್ಮನಿದ್ದೆ. ಹುಳುವಿಗೆ ಬೀಗ ಹಾಕಿದೆ, ಸುಮ್ಮನಿದ್ದೆ. ಅಹಂಕಾರಿ. ಶಾಂತರಾಜು, ಪೇಪರ್ ಕೊಡ್ರಿ."

ನನ್ನ ಚೀಲದಲ್ಲಿ ಯಾವಾಗಲೂ ಪೇಪರ್ ಇರುತ್ತದೆ. ಶಿವಶಂಕರ ಅವರು ಕಾರಿನ ಬಾನೆಟ್ಟಿನ ಮೇಲೆ ಎರಡೂ ಬದಿ ತುಂಬಿಸಿ ನಾಲ್ಕು ಹಾಳೆ ಬರೆದರು. ಅಧ್ಯಕ್ಷರಿಗೆ ಆದ ಅವಮಾನ ತಮಗೂ ಆದಂತೆ ಎಂದು ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಎರಡೆರಡು ಹಾಳೆ ಬರೆದರು. ನನ್ನ ಸಹಾಯ ಯಾರಿಗೂ ಬೇಕಾಗಲಿಲ್ಲ, ಖಾರ ಅಷ್ಟು ಚೆನ್ನಾಗಿ ಬಿದ್ದಿತ್ತು. ಗಂಗಾಂಬಿಕೆಯವರು ಒಂದನ್ನೂ ಓದದೆ ಎಲ್ಲವನ್ನೂ ತಂತಿಗೆ ಚುಚ್ಚಿದರು. ಎರಡು ತಂತಿಗಳನ್ನು ಪಕ್ಕಪಕ್ಕ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

"ಗಾಳದೋರ್ದು ಒಂದ್ ಕೂದ್ಲೆಳೆ ಜಾಸ್ತಿ ಆಯ್ತು" ಎಂದರು.

"ಎಮ್ಮೆ ಇಳಿಸಿ ನಮ್ಮ ದೋಣಿಗೆಲ್ಲ ಕೆಸರು ಹತ್ತಿಸಿದ್ದಾನೆ, ಅದನ್ನು ಬರೆಯಬೇಕು ಅಂತಲೇ ಇದ್ದೆ" ಎಂದು ಡಾಕ್ಟರ್ ಪವಿತ್ರ ಒಂದು ಹಾಳೆ ಗೀಚಿ ಕೊಟ್ಟರು. ಅಲ್ಲಿಗೆ ಸರಿಹೋಯಿತು. ಗಂಗಾಂಬಿಕೆಯವರು ಎದ್ದು ಕುರ್ಚಿ ಮಡಚಿಸಿದರು. "ಮಾದು, ಬರೋ ವರ್ಷಕ್ಕೂ ನೀನೇ ಕಣಪ್ಪ" ಎಂದರು. ಕುಮಾರಸ್ವಾಮಿ ಸಂತೆಮರಹಳ್ಳಿಯ ಬಸ್ ಎಷ್ಟು ಹೊತ್ತಿಗೆ ಎಂದು ನನ್ನನ್ನೇ ಕೇಳಿದ. ನಾನು ಸಂತೋಷದಿಂದ ಹೇಳಿದೆ.

ಎಲ್ಲರೂ ಹೋದ ಮೇಲೆ ನಾನೂ ಚಿಕ್ಕಮಾದುವೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೆವು. ನಾನು ಗೆದ್ದವನ ಹಾಗೆ ನಗುತ್ತಲೇ ಇದ್ದೆ. ಶಿವಶಂಕರ ಅವರ ಮುಖ ಹೇಗಾಯಿತು ಎಂದು ಎರಡು ಸಲ ಮಾಡಿಯೂ ತೋರಿಸಿದೆ. ಅವನು ನಗಲಿಲ್ಲ.

"ಶಾಂತರಾಜು, ಆ ಶಾಲು ಯಾವ ಬಣ್ಣ ಇತ್ಲಾ?"

"ಯಾಕ್ಲಾ, ನೀನ್ ನೋಡ್ನಿಲ್ವ?"

"ಇಲ್ಲ ಕಣ. ನೋಡುದ್ರೆ ಈಸ್ಕಬುಡ್ತಿದ್ದೆ. ನಮ್ಮಪ್ಪನ್ಗೂ ಯಾರೂ ಶಾಲು ಒದ್ಸಿರ್ನಿಲ್ಲ."

ಹತ್ತು ವರ್ಷ ಅವನ ಮೇಲಿನ ದೂರುಗಳನ್ನು ಓದಿ ಹೇಳಿದ ನಾನು, ಅವನಿಗೂ ಒಂದು ಒಳ್ಳೆಯ ಮಾತು ಕೇಳುವ ಆಸೆ ಇರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಮೇಲೇ ನನಗೆ ನಾಚಿಕೆಯಾಯಿತು.

"ಅಚ್ಚ ಕೆಂಪು. ಜರಿ ಅಂಚು" ಎಂದೆ.

ಅವನು ಹೆಗಲನ್ನು ಒಮ್ಮೆ ಕೈಯಿಂದ ಸವರಿಕೊಂಡು, "ನಂಗೆ ಒಪ್ತಿತ್ತಾ?" ಎಂದು ಕೇಳಿದ.

"ಒಪ್ತಿತ್ತು ಕಣ್ಲಾ" ಎಂದೆ.