ಗೋದಮ್ಮನವರ ಎಡಗಾಲು

ಪಾರ್ಕು ಸುತ್ತಿ ಬಂದವರೆಲ್ಲ ಎರಡನೇ ಕಾಫಿ ಕುಡಿಯುವ ಹೊತ್ತಿಗೆ ವಾಕಿಂಗ್ ಹೊರಡುವವನು ನಾನು. ಮೊನ್ನೆ ಹಾಗೆ ಹೊರಟವನು ನನ್ನ ಶೂ ಲೇಸನ್ನು ನಾನೇ ತುಳಿದು, ಪಕ್ಕದ ಮನೆಯ ಗೇಟಿನ ಮುಂದೆ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಗೋದಮ್ಮನವರ ಕಾಲಬುಡಕ್ಕೆ ಸರಿಯಾಗಿ ಉದ್ದಂಡ ಬಿದ್ದೆ. ಅವರು ಅಭ್ಯಾಸಬಲದಿಂದ ಕೈ ಎತ್ತಿ, "ಬೇಗ ಕಂಕಣಭಾಗ್ಯ ಕೂಡಿಬರಲಿ" ಎಂದುಬಿಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಓ, ನೀನೇನೋ ಸಂಕರ್ಷಣ! ನಿನಗಾಗಲೇ ಆಗ್ಹೋಗಿದೆಯಲ್ಲ" ಎಂದರು. ನಮ್ಮ ಕಾಂಪೌಂಡಿನೊಳಗೆ ಗಿಡಕ್ಕೆ ನೀರು ಹಾಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು.

"ಐವತ್ತು ದಾಟ್ತು, ಇನ್ನೂ ಲೇಸ್ ಕಟ್ಟೋಕ್ ಬರಲ್ವೇನೋ?" ಗೋದಮ್ಮ ಬಿಚ್ಚದೆ ಉಳಿದಿದ್ದ ನನ್ನ ಇನ್ನೊಂದು ಶೂ ತೋರಿಸಿದರು. "ನೋಡು, ಗಂಟು ಪಾದದ ಉದ್ದಕ್ಕೆ ತಿರುಗ್ಕೊಂಡಿದೆ. ಅದು ನಿಲ್ಲಲ್ಲ, ಅಡ್ಡಕ್ಕೆ ಕೂರ್ಬೇಕು. ಮೊದಲ್ನೇ ಗಂಟು ಬಲದಿಂದ ಹಾಕಿದ್ರೆ, ಕುಣಿಕೆ ಎಡದಿಂದ ಸುತ್ತು."

ಮೊಮ್ಮಗಳು ಇಂಚರಾಳ ಸ್ಕೂಲ್ ಶೂ ಕಟ್ಟಿ ಕಲಿತ ವಿದ್ಯೆ ಅದು. ಅವರ ಸ್ವಂತ ಕಾಲಿಗೆ ಮಾತ್ರ ಚಪ್ಪಲಿಯೇ ಗತಿಯಾಗಿತ್ತು. ಹೋದ ವರ್ಷ ಮಂಡಿ ಹಿಡಿದುಕೊಂಡಾಗ ಡಾಕ್ಟರು, "ಲೇಸಿರೋ ಶೂ ಹಾಕ್ಕೊಳ್ಳಿ, ಇಲ್ಲಾಂದ್ರೆ ಮನೇಲೇ ಕೂತಿರಿ" ಎಂದರು. ಶೂ ಬಂತು. ಬಗ್ಗುವುದಕ್ಕೆ ಮಂಡಿ ಬರಲಿಲ್ಲ. ಹಾಗಾಗಿ ಸೊಸೆ ಮಾನ್ಯ ದಿನಾ ಬ್ಯಾಂಕಿಗೆ ಹೊರಡುವ ಮುಂಚೆ ಕುಕ್ಕರುಗಾಲಲ್ಲಿ ಕೂತು ಕಟ್ಟಿಕೊಡುತ್ತಿದ್ದಳು.

ಕಾಲಿಗೆ ಕೈ ತಾಕಿದ ಮೇಲೆ ಸುಮ್ಮನಿರುವ ಜೀವ ಗೋದಮ್ಮನವರದಲ್ಲ. ಬಲಗಾಲು ಕಟ್ಟಿದಾಗ "ದೀರ್ಘಸುಮಂಗಲೀ ಭವ", ಎಡಗಾಲಿಗೆ "ಪುತ್ರವತೀ ಭವ".

"ಅತ್ತೆ, ಇಂಚರಾ ಒಬ್ಬಳೇ ಸಾಕು. ಅದರ ಬದ್ಲು ಪ್ರಮೋಷನ್‌ಗೆ ಏನಾದ್ರೂ ಹೇಳಿ" ಎಂದಳು ಮಾನ್ಯ. ಅಂದಿನಿಂದ ಎಡಗಾಲು ಪ್ರಮೋಷನ್ನಿಗೆ ಮೀಸಲಾಯಿತು.

ಆದರೆ ಡಬ್ಬಿ ಕಟ್ಟುವ ಗಡಿಬಿಡಿ ಮುಗಿದು ಮಾನ್ಯಳಿಗೆ ಬಿಡುವಾಗುತ್ತಿದ್ದುದು ಎಂಟೂವರೆಗೆ. ಅಷ್ಟರಲ್ಲಿ ಗಾಂಧಿ ಬಜಾರಿನ ಒಳ್ಳೆಯ ಮೊಗ್ಗೆಲ್ಲ ಖಾಲಿ. ಮದುವೆಯಾಗಿ ಬಂದಾಗಿನಿಂದ ದೇವರ ಹೂವನ್ನು ಕೈಯಾರೆ ಆರಿಸಿ ತಂದ ಗೋದಮ್ಮನವರಿಗೆ ಅರಳಿ ಬಾಡಿದ್ದೇ ಸಿಕ್ಕಬೇಕೆ? ಕೇಳಿದರೆ ಸೊಸೆ ಬೇಗ ಬಂದಾಳು, ಕೇಳುವುದೇ ಇವರಿಗಾಗದು. ಗುಟ್ಟಾಗಿ ಅಭ್ಯಾಸ ಶುರುವಾಯಿತು. ಜಗಲಿಯ ಮೇಲೆ ಕಾಲಿಟ್ಟರೆ ಲೇಸೇ ಕೈಗೆ ಬರುತ್ತದೆ ಎಂಬುದು ಹೊಳೆದ ಮೇಲೆ, ಒಂದು ಬೆಳಿಗ್ಗೆ ಯಾರ ಹಂಗೂ ಇಲ್ಲದೆ ಹೋಗಿ, ಬುಟ್ಟಿ ತುಂಬ ಬಿಗಿ ಮೊಗ್ಗು ತಂದರು. ನಮ್ಮನೆಗೂ ಒಂದು ಹಿಡಿ ಬಂತು.

ಮನೆಯವರೆಲ್ಲ ಭೇಷ್ ಎಂದರು. ಮಾನ್ಯಳೂ ಎಂದಳು. ಆದರೆ ಹೊರಡುವಾಗ ಅತ್ತೆಯ ಬಿಗಿದ ಲೇಸುಗಳನ್ನು ಬಗ್ಗಿ ನೋಡಿದಳಂತೆ. "ಶುಕ್ರವಾರ ಇಂಟರ್ವ್ಯೂ ಇದೆ ಅತ್ತೆ" ಎಂದಷ್ಟೇ ಹೇಳಿ ಹೋದಳಂತೆ.

ಇದಿಷ್ಟನ್ನೂ ಗೋದಮ್ಮ ನನಗೆ ಹೇಳಿದ್ದು ಮೊನ್ನೆಯೇ, ನಾನು ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದಾಗ. ಮಾತು ಮುಗಿಸಿ ಗೇಟಿನೊಳಗೆ ಹೋಗಿ ಮೊಗ್ಗಿನ ಬುಟ್ಟಿ ಕೆಳಗಿಟ್ಟು, ಜಗಲಿಯ ಮೇಲೆ ಕಾಲಿಟ್ಟು, ಅಷ್ಟು ಚೆನ್ನಾಗಿ ಅಡ್ಡಕ್ಕೆ ಕೂತಿದ್ದ ಎಡಗಾಲಿನ ಗಂಟನ್ನು ಎಳೆದು ಬಿಚ್ಚಿದರು. ಒಳಗಿನಿಂದ ಮಾನ್ಯ ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳುತ್ತಿತ್ತು.

"ಬಲಗಾಲಿಂದು ಬಿಚ್ಚಲ್ವಾ ಗೋದಮ್ಮ?" ಎಂದೆ.

"ಅದ್ಯಾಕೋ? ನನ್ನ ಮಗ ಗಟ್ಟಿಮುಟ್ಟಾಗೇ ಇದಾನೆ."