ಸಲಾಮಿಯಿಲ್ಲದ ಕುಸ್ತಿ

ಮನುಷ್ಯರ ನಾಗರಿಕತೆ ನಿಂತಿರುವುದು ಒಂದೇ ಒಂದು ಒಪ್ಪಂದದ ಮೇಲೆ: ಮಾತನಾಡುವ ಮೊದಲು, ಹೇಗೆ ಮಾತನಾಡಬೇಕೆಂಬುದನ್ನು ಎರಡೂ ಕಡೆಯವರು ತೀರ್ಮಾನಿಸಿಕೊಂಡಿರಬೇಕು. ನಮ್ಮ ಸಿಂದಗಿ-ಇಂಡಿ ರಸ್ತೆಯಲ್ಲಿ ಈ ತೀರ್ಮಾನವನ್ನು ಬಿದಿರಿನ ಗಳದ ತುದಿಗೆ ಕಟ್ಟಿದ ಕುಡಗೋಲಿನಿಂದ ಮಾಡಲಾಗುತ್ತಿತ್ತು.

ಕುಡಗೋಲು ಬೀಳುತ್ತಿದ್ದುದು ಕಂಬದಿಂದ ಕಂಬಕ್ಕೆ ಹಾದುಹೋದ ಕರಿಯ ಕೇಬಲ್ಲಿನ ಮೇಲೆ. ನಾನು ಆಗ ಸಿಂದಗಿಯಲ್ಲಿ, ಮನೆಮನೆಗೆ ಇಂಟರ್‌ನೆಟ್ ಕೊಡುವ ಒಬ್ಬ ಸಾಹುಕಾರರ ಕೈಕೆಳಗೆ ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಜಾಲದ ಪಾಠ ಹೇಳುತ್ತಿದ್ದೆ. ಕಾಲೇಜು ಮುಚ್ಚಿತು; ‘ಮಾಸ್ತರ’ ಎಂಬ ಪದವಿ ಮಾತ್ರ ಹರಿದ ಅಂಗಿಯ ಹಾಗೆ ಮೈಮೇಲೆ ಉಳಿಯಿತು.

ಪಾಠದಲ್ಲಿ ನಾನು ಹೇಳುತ್ತಿದ್ದುದು ಇಷ್ಟು. ಜಾಲದೊಳಗೆ ಯಾವ ಮಾತೂ ಇಡಿಯಾಗಿ ಹೋಗುವುದಿಲ್ಲ. ಮೊದಲು ಕಡಿಯುತ್ತಾರೆ. ಲಚ್ಯಾಣದ ಮಠದ ಪ್ರವಚನವಾಗಲಿ, ಟಗರಿನ ಕಾಳಗದ ವಿಡಿಯೋ ಆಗಲಿ, ತಾಯಿ ಮಗಳಿಗೆ ಕಳಿಸಿದ ನಾಲ್ಕು ಮಾತಾಗಲಿ, ಎಲ್ಲಕ್ಕೂ ಕಟುಕನ ಮರದ ಕೊರಡೇ ಗತಿ. ಕಡಿದ ತುಂಡಿಗೆ ಒಂದು ನಂಬರು ಬರೆದು ಲಕೋಟೆಗೆ ಹಾಕುವವನು ಒಬ್ಬ. ಆ ಲಕೋಟೆಯನ್ನು ಒಡೆಯದೆ ಇನ್ನೊಂದು ಲಕೋಟೆಯೊಳಗಿಟ್ಟು, ಮುಟ್ಟಬೇಕಾದ ಮನೆಯ ವಿಳಾಸ ಬರೆಯುವವನು ಅವನ ಕೆಳಗಿನವನು. ಅದರ ಮೇಲೆ ಮತ್ತೊಂದು ಲಕೋಟೆ ಹಾಕಿ ‘ಸದ್ಯಕ್ಕೆ ಮುಂದಿನ ಪೆಟ್ಟಿಗೆಯವರೆಗೆ’ ಎಂದು ಬರೆಯುವವನು ಇನ್ನೂ ಕೆಳಗಿನವನು. ಎಲ್ಲರ ಕೆಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಮಿಣುಕು ಮಿಣುಕು ಎಂದು ಓಡುತ್ತದೆ. ಆ ತುದಿಯಲ್ಲಿ ಒಬ್ಬೊಬ್ಬನೂ ತನ್ನ ಲಕೋಟೆಯನ್ನಷ್ಟೇ ಒಡೆದು ಉಳಿದದ್ದನ್ನು ಮೇಲಕ್ಕೆ ಕೊಡುತ್ತಾನೆ. ಯಾರೂ ಯಾರದನ್ನೂ ಇಣುಕಿ ನೋಡುವಂತಿಲ್ಲ. ಕೆಳಗಿನವನಿಗೆ ಮೇಲಿನವನ ಸುಖ ಗೊತ್ತಿಲ್ಲ. ಮೇಲಿನವನಿಗೆ ಕೆಳಗಿನವನ ರಕ್ತ ಗೊತ್ತಿಲ್ಲ.

ರಕ್ತ ಎಂಬ ಮಾತು ಪಠ್ಯದಲ್ಲಿರಲಿಲ್ಲ. ಸಿಂದಗಿಗೆ ಬಂದ ಮೇಲೆ ನಾನೇ ಸೇರಿಸಿಕೊಂಡೆ.

ನಮ್ಮ ಸಾಹುಕಾರರಿಗೆ ಇಂಡಿಯಲ್ಲಿ ಒಬ್ಬ ಎದುರಾಳಿ ಇದ್ದ. ಹಿಂದೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಹೊರ್ತಿಯ ಗಿರಾಕಿಗಳು ಯಾರಿಗೆ ಸೇರಬೇಕೆಂಬ ತತ್ತ್ವವಿಚಾರದಲ್ಲಿ ಬೇರೆಯಾದರು. ಆಮೇಲೆ ನಡೆದದ್ದು ಮೆಟ್ಟಿಲು ಮೆಟ್ಟಿಲಾಗಿ ನಡೆದ ಯುದ್ಧ. ಇಂಡಿಯವರ ಮನುಷ್ಯ ಒಮ್ಮೆ ಬಸವನ ಬಾಗೇವಾಡಿಯಲ್ಲಿ ನಮ್ಮ ಪೆಟ್ಟಿಗೆಯ ಕೀಲಿ ಮುರಿದು, ಒಂದೇ ತಂತಿಯ ಎರಡೂ ತುದಿಗಳನ್ನು ಅದೇ ಪೆಟ್ಟಿಗೆಗೆ ಚುಚ್ಚಿ ಹೋದ. ಒಂದು ಕೂಗು ಹೊರಟು, ಸುತ್ತಿ ಬಂದು, ಎರಡಾಗಿ, ಎರಡು ನಾಲ್ಕಾಗಿ, ಇಡೀ ಊರಿನ ಜಾಲ ತನ್ನ ಕಿವಿಯಲ್ಲಿ ತಾನೇ ಕೂಗಿಕೊಂಡು ಮೂರ್ಛೆ ಹೋಯಿತು. ಗಾಜಿನ ಎಳೆಯನ್ನು ಮೊದಲನೆಯ ಮೆಟ್ಟಿಲೆಂದು ಕೆಳಗಿನಿಂದ ಎಣಿಸಿದರೆ, ಇದು ಎರಡನೆಯ ಮೆಟ್ಟಿಲಿನ ಹಿಂಸೆ. ಸ್ವಲ್ಪ ಓದಿದವರ ಕೆಲಸ. ಬಹುಪಾಲು ಮಂದಿ ಮೊದಲನೆಯ ಮೆಟ್ಟಿಲನ್ನೇ ಮೆಚ್ಚುತ್ತಿದ್ದರು. ಅದಕ್ಕೆ ಕುಡಗೋಲು ಸಾಕು.

ಕೇಬಲ್ ಕಾಯಲು ನಮ್ಮ ಸಾಹುಕಾರರು ಒಬ್ಬ ಪೈಲ್ವಾನನನ್ನು ಇಟ್ಟುಕೊಂಡರು. ಗರಡಿಮನೆಯಲ್ಲಿ ಬೆಳೆದ ಮೈ. ಕಿವಿಗಳೆರಡೂ ಮಣ್ಣಿಗೆ ತಿಕ್ಕಿ ಹೂಕೋಸಿನ ಹಾಗೆ ಮುದುಡಿದ್ದವು. ಇಂಡಿಯವರೂ ಸುಮ್ಮನಿರಲಿಲ್ಲ. ಅವರು ತಂದ ಲೈನ್‌ಮನ್ನೂ ಅದೇ ಗರಡಿಮನೆಯವನು, ಅದೇ ಉಸ್ತಾದರ ಶಿಷ್ಯ, ವಯಸ್ಸಿನಲ್ಲಿ ಪೈಲ್ವಾನನಿಗಿಂತ ಕಿರಿಯ.

ಇವರ ಮೊದಲ ಜಗಳಕ್ಕೆ ನಾನು ಸಾಕ್ಷಿ. ಇಂಡಿಯ ಲೈನ್‌ಮನ್ ಬಿದಿರು ಹಿಡಿದು ಕಂಬದ ಕೆಳಗೆ ನಿಂತಿದ್ದ. ನಮ್ಮ ಗಾಡಿ ಹೋಗಿ ಅಲ್ಲಿಯೇ ನಿಂತಿತು. ಬೈಗುಳ ಬರುತ್ತದೆಂದು ನಾನು ಕಾದರೆ, ಅವನು ಬಿದಿರನ್ನು ಬದಿಗಿಟ್ಟು ಕೈ ಚಾಚಿದ. ಪೈಲ್ವಾನ ಆ ಕೈ ಹಿಡಿದು ತನ್ನದನ್ನೂ ಕೊಟ್ಟ. ಅವನು ಅದನ್ನು ಒಮ್ಮೆ ಒತ್ತಿ ಬಿಟ್ಟ. ಕುಸ್ತಿಯವರು ಇದಕ್ಕೆ ಸಲಾಮಿ ಅನ್ನುತ್ತಾರೆ. ಇದಾಗದೆ ಮೈ ಮುಟ್ಟಿದರೆ ಅದು ಕುಸ್ತಿಯಲ್ಲ, ಬಡಿದಾಟ. ನಾನು ಬೆರಗಾದೆ. ಎರಡು ಕಂಪ್ಯೂಟರುಗಳು ಮಾತು ಆರಂಭಿಸುವುದೂ ಹೀಗೆಯೇ: ‘ಮಾತಾಡಲೇ?’ ಎಂದು ಒಂದು, ‘ಆಡು, ನಾನೂ ಆಡಲೇ?’ ಎಂದು ಇನ್ನೊಂದು, ‘ಆಗಲಿ’ ಎಂದು ಮೊದಲಿನದು. ಮೂರು ಹೆಜ್ಜೆ ಮುಗಿಯದೆ ಒಂದು ತುಂಡೂ ಹೊರಡುವುದಿಲ್ಲ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬಾಣದ ಗುರುತು ಎಳೆದು ಕಲಿಸಿದ್ದನ್ನು ಜಾಲಿಕಂಟಿಯ ಪಕ್ಕದಲ್ಲಿ ಕಣ್ಣಾರೆ ಕಂಡೆ.

ಬೆರಗು ಮುಗಿಯುವುದರೊಳಗೆ ಪೈಲ್ವಾನ ಅವನನ್ನು ಎತ್ತಿ ಅದೇ ಜಾಲಿಕಂಟಿಯೊಳಗೆ ಒಗೆದಿದ್ದ. ಅವನ ದವಡೆ ಸರಿದಿತ್ತು. ಬೆನ್ನಿನಿಂದ ಮುಳ್ಳು ಕೀಳಲು ಆಸ್ಪತ್ರೆಯವರಿಗೆ ಬಹಳ ಹೊತ್ತು ಹಿಡಿಯಿತು.

ಪೊಲೀಸರು ಪೈಲ್ವಾನನನ್ನು ಒಯ್ದರು. ತಹಶೀಲ್ದಾರರು ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡರು: ವರ್ಷದೊಳಗೆ ಯಾರ ಮೇಲಾದರೂ ಕೈ ಎತ್ತಿದರೆ ಸೀದಾ ಜೈಲು. ಅವನ ಹೆಂಡತಿ ಆಗ ಮೂರು ತಿಂಗಳ ಬಸುರಿ. ಅವನನ್ನು ಮನೆಗೆ ಬಿಡಲು ಹೋದಾಗ ರೊಟ್ಟಿ ಬಡಿಯುತ್ತಿದ್ದ ಆಕೆ ತಲೆ ಎತ್ತದೆ ಹೇಳಿದಳು:

“ಮಾಸ್ತರ್ರ, ಇವ್ರ ಕೈ ಇನ್ನ ನಿಮ್ಮ ತಾಬೇದಾಗೈತಿ. ಕೂಸು ಹುಟ್ಟಿದಾಗ ಅಪ್ಪ ಎಲ್ಲಿ ಅಂದ್ರ ನಾ ಜೇಲಿನ ಗ್ವಾಡಿ ತೋರ್ಸಾಂಗಿಲ್ಲ.”

“ನಾ ಏನ್ ಮಾಡ್ಲಿ?” ಎಂದ ಪೈಲ್ವಾನ. “ಕೈ ಚಾಚಿದ್ರ ಕೈ ಕೊಡಬೇಕು. ಕೊಟ್ಟಮ್ಯಾಲ ಆಡಬೇಕು.”

“ಕೊಡಬ್ಯಾಡ್ರಿ.”

“ಹೆಂಗ ಕೊಡಬ್ಯಾಡ? ಉಸ್ತಾದರ ಮಾರಿಗೆ ಉಗುಳಿದ್ಹಂಗ ಆಕ್ಕೈತಿ.”

“ಉಸ್ತಾದ್ರು ಸತ್ತು ಮಣ್ಣಾಗ್ಯಾರ. ನಾ ಇನ್ನಾ ಬದುಕೇನಿ.”

ಹೀಗೆ ಒಬ್ಬ ಪೈಲ್ವಾನನ ಎರಡು ಕೈಗಳ ಪಾಲಕತ್ವ ನನಗೆ ಬಂತು. ನನ್ನ ತೂಕ ಅವನ ಒಂದು ತೊಡೆಯಷ್ಟಿತ್ತು.

ಕೆಲವು ತಿಂಗಳು ತಣ್ಣಗಿತ್ತು. ಆಮೇಲೆ ಇಂಡಿ ಮತ್ತು ಸಿಂದಗಿಯ ನಡುವೆ ನಮ್ಮ ಕೇಬಲ್ ಹರಿಯಿತು. ಸಿಂದಗಿಯಲ್ಲಿ ಮಾತ್ರ ಏನೂ ಆಗಲಿಲ್ಲ. ನಮ್ಮ ಗಾಜಿನ ದಾರಿ ವಿಜಯಪುರದಿಂದ ಹೊರಟು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮುಟ್ಟಿ ಮತ್ತೆ ವಿಜಯಪುರಕ್ಕೆ ಸೇರುವ ಬಳೆಯ ಹಾಗಿತ್ತು. ಒಂದು ಕಡೆ ಹರಿದರೆ, ವಿಳಾಸ ನೋಡುವ ಪೆಟ್ಟಿಗೆಗಳು ತಾವೇ ತಿಳಿದುಕೊಂಡು ತುಂಡುಗಳನ್ನೆಲ್ಲ ಇನ್ನೊಂದು ಕಡೆಯಿಂದ ಸುತ್ತುಹಾಕಿ ಕಳಿಸುತ್ತವೆ. ತುಂಡುಗಳು ಹಿಂದುಮುಂದಾಗಿ ಬಂದರೂ ಮೇಲೆ ನಂಬರು ಇದೆಯಲ್ಲ, ಜೋಡಿಸಿಕೊಂಡರಾಯಿತು. ನೋಡುವವನಿಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗದೆ ಇದ್ದುದೇ ಇಂಡಿಯಲ್ಲಿ ದೊಡ್ಡ ಹೊಡೆತಕ್ಕೆ ಕಾರಣವಾಯಿತು. ಆ ಲೈನ್‌ಮನ್ ಆಮೇಲೆ ನನಗೆ ತಾನೇ ಹೇಳಿದ್ದು ಇದು. ಅವನ ಧಣಿ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದ:

“ಯಾರ ತಂತಿ ಕಡದಿ ಲೇ?”

“ಅವರದ ಕಡದೇನ್ರಿ.”

“ಮತ್ತ ಸಿಂದಗ್ಯಾಗ ಹೆಂಗ ನಡ್ಯಾಕತ್ತೈತಿ?”

“ಅದ ನನಗೂ ತಿಳೀವಲ್ದ್ರಿ.”

ಮತ್ತೆ ಕಡಿದು ಬರಲು ಹೇಳಿದ, ಕಡಿದು ಬಂದ, ಸಿಂದಗಿ ನಡೆಯುತ್ತಲೇ ಇತ್ತು. ಲಂಚ ತಿಂದು ಸುಳ್ಳು ಹೇಳುತ್ತಿದ್ದಾನೆಂದು ಧಣಿ ಬಾರಕೋಲಿನಿಂದ ಅವನ ಬೆನ್ನು ಸುಲಿದ. ಜಾಲಿಮುಳ್ಳಿನ ಕಲೆಗಳ ಮೇಲೆ ಬಾಸುಂಡೆ ಎದ್ದವು. ಬಳೆಯಾಕಾರದ ಜಾಲದ ಲಾಭಗಳೇನೆಂದು ಪರೀಕ್ಷೆಯಲ್ಲಿ ಕೇಳುತ್ತಿದ್ದೆ. ಇದನ್ನು ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ.

ಹರಿದುದನ್ನು ಕೂಡಿಸೋಣವೆಂದು ನಾನು ದಿನಾಲೂ ಸಾಹುಕಾರರಿಗೆ ಹೇಳಿದೆ.

“ನಡ್ಯಾಕತ್ತೈತಲ್ಲೋ ಮಾಸ್ತರ,” ಎಂದರು ಅವರು. “ನಿಂತಾಗ ನೋಡೂಣು.”

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಇಂಡಿಗೆ ಯಾವುದೋ ಮದುವೆಗೆ ಹೋಗಿ, ಎದುರಾಳಿಯ ಬೀಗರ ಪಂಕ್ತಿಯಲ್ಲೇ ಕುಳಿತು, ಹುಗ್ಗಿ ಉಣ್ಣುತ್ತ ವಿವರಿಸಿದರು: “ಎಷ್ಟರ ಕಡೀಲಿ ಅವ. ಈ ಕಡೆ ಕಡದ್ರ ನಮ್ದು ಮುದ್ದೇಬಿಹಾಳ, ಬಾಗೇವಾಡಿ ಸುತ್ತಿ ಬರ್ತೈತಿ. ಬಳಿ ಐತಿ, ಬಳಿ.” ಇಷ್ಟು ಸ್ಪಷ್ಟವಾಗಿ ನಾನೂ ಎಂದೂ ಪಾಠ ಹೇಳಿರಲಿಲ್ಲ.

ಮರುದಿನ ಮುದ್ದೇಬಿಹಾಳ ಮತ್ತು ಬಾಗೇವಾಡಿಯ ನಡುವೆ ಬಳೆ ಒಡೆಯಿತು. ಸಿಂದಗಿ, ಮುದ್ದೇಬಿಹಾಳ ಎರಡೂ ಕತ್ತಲಾದವು. ನನ್ನ ಫೋನಿನಲ್ಲಿ ಜಾಲದ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಅಂದರೆ ಗಿರಾಕಿ, ನನ್ನ ತಾಯಿಯ ವಿಷಯ ಮಾತನಾಡತೊಡಗಿದ.

ನಾನು ಮತ್ತು ಪೈಲ್ವಾನ ಗಾಡಿ ತೆಗೆದುಕೊಂಡು ಹೋದೆವು. ಸುಡುವ ಮಧ್ಯಾಹ್ನ, ಎರಡೂ ಬದಿ ತೊಗರಿ ಹೊಲ. ಈ ಸಲ ಬರೇ ಕಡಿದಿರಲಿಲ್ಲ. ಕಂಬಕ್ಕೆ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲನ್ನೂ ಕೊಯ್ದು ಒಯ್ದಿದ್ದರು. ತುದಿಗೆ ತುದಿ ಮುಟ್ಟುತ್ತಿರಲಿಲ್ಲ. ಪೈಲ್ವಾನ ಎರಡೂ ತುದಿಗಳನ್ನು ಕೆಳಗಿಳಿಸಿ, ಒಂದೊಂದು ಕೈಗೆ ಒಂದೊಂದು ಸುತ್ತಿಕೊಂಡು, ಎರಡು ಹೋರಿಗಳ ಹಗ್ಗ ಹಿಡಿದಂತೆ ಎದೆಯ ಹತ್ತಿರಕ್ಕೆ ಎಳೆದು ನಿಂತ. ನಾನು ಅವನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಗಾಜಿನ ಎಳೆಯನ್ನು ಸುಲಿದು, ಒರೆಸಿ, ಮಷಿನ್ನಿನೊಳಗಿಟ್ಟೆ. ಒಂದು ಕಿಡಿ ಹಾರಿದರೆ ಗಾಜು ಕರಗಿ ಒಂದು ಎಳೆ ಕೂಡುತ್ತದೆ. ನಡುವೆ ಅವನು ಕೈ ಬಿಟ್ಟರೆ ಕೂಡಿದ್ದೆಲ್ಲ ಪಟಪಟನೆ ಮುರಿಯುತ್ತದೆ.

ಅರ್ಧ ಮುಗಿದಿತ್ತು. ಎರಡು ಬೈಕು ಬಂದು ನಿಂತವು. ಇಂಡಿಯ ಲೈನ್‌ಮನ್; ಅವನ ಹಿಂದೆ ಎಲ್ಲಿಂದಲೋ ಕರೆತಂದ ಇಬ್ಬರು, ಕೈಯಲ್ಲಿ ಕಬ್ಬಿಣದ ಪೈಪು. ಲೈನ್‌ಮನ್ ಮುಂದೆ ಬಂದು ಕೈ ಚಾಚಿದ.

“ಅಣ್ಣಾ, ಕೈ ಕೊಡು.”

ಪೈಲ್ವಾನ ನನ್ನನ್ನು ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಆಡಿಸದಿದ್ದರೂ ಅದು ತಾನೇ ನಡುಗುತ್ತಿತ್ತು.

“ಕೈ ಖಾಲಿ ಇಲ್ಲ ತಮ್ಮಾ,” ಎಂದ ಪೈಲ್ವಾನ.

“ಕೆಳಗಿಟ್ಟು ಬಾ.”

“ಇಟ್ರ ಗಾಜು ಮುರೀತಾವ.”

ಲೈನ್‌ಮನ್ ಚಾಚಿದ ಕೈ ಹಾಗೆಯೇ ಇಟ್ಟುಕೊಂಡು ನಿಂತ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದ. ಪೈಲ್ವಾನ ಕೇಬಲ್ಲನ್ನೇ ನೋಡುತ್ತಿದ್ದ. ಇನ್ನೂ ಹೆಚ್ಚು ಹೊತ್ತು ಕಾದು ಮತ್ತೆ ಕೇಳಿದ. ಸಲಾಮಿಗೆ ಉತ್ತರ ಬಾರದಿದ್ದರೆ ಕಂಪ್ಯೂಟರೂ ಹೀಗೆಯೇ ಮಾಡುತ್ತದೆ. ಪ್ರತಿ ಸಲ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ, ಕಡೆಗೆ ಕೈಬಿಡುತ್ತದೆ. ಅವನೂ ಕೈಬಿಡುವವನಿದ್ದ. ನಾನು ಇನ್ನೊಂದು ಎಳೆ ಕೂಡಿಸಿದೆ.

“ಕನ್ಯಾ ನೋಡಾಕ ಬಂದೀರೇನ್?” ಎಂದು ಪೈಪು ಹಿಡಿದವನೊಬ್ಬ ಹಿಂದಿನಿಂದ ಬಂದು ಪೈಲ್ವಾನನ ಬೆನ್ನಿಗೆ ಬಾರಿಸಿದ.

ಜಾಲದಲ್ಲಿ ಇನ್ನೊಂದು ಪದ್ಧತಿಯೂ ಇದೆ: ಕೇಳುವುದಿಲ್ಲ, ಕಾಯುವುದಿಲ್ಲ, ಮುಟ್ಟಿತೋ ಇಲ್ಲವೋ ವಿಚಾರಿಸುವುದಿಲ್ಲ, ಕಳಿಸುತ್ತಲೇ ಇರುತ್ತದೆ. ವಿಡಿಯೋ ಕರೆಗೆ ಅದು ಅನುಕೂಲ. ಈ ಇಬ್ಬರು ಆ ಪಂಥದವರು. ಒಬ್ಬ ಬೆನ್ನಿಗೆ, ಒಬ್ಬ ಪಕ್ಕೆಗೆ. ಏನೋ ಲಟಕ್ಕೆಂದಿತು, ಗಾಜೆಂದು ಹೆದರಿ ನೋಡಿದೆ, ಗಾಜಲ್ಲ. ಪೈಲ್ವಾನನ ಬಾಯಿಂದ ಬಂದ ರಕ್ತ ನನ್ನ ಮಷಿನ್ನಿನ ಮುಚ್ಚಳದ ಮೇಲೆ ಹನಿಯಿತು. ಅವನ ಕೈ ಒಂದು ಬೆರಳಿನಷ್ಟೂ ಸಡಿಲಲಿಲ್ಲ.

“ಲಗೂ ಮಾಡ್ರಿ ಮಾಸ್ತರ್ರ,” ಎಂದ. “ಕೈ ಎತ್ತಬೇಕು ಅನಸಾಕತ್ತೈತಿ.”

ಆಗಲೇ ಪಕ್ಕದಲ್ಲಿಟ್ಟ ಫೋನು ರಿಂಗಾಯಿತು. ಗಿರಾಕಿಯ ಕರೆ ತಪ್ಪಿಸಬಾರದೆಂದು ಸಾಹುಕಾರರ ಆಜ್ಞೆ. ಅಭ್ಯಾಸಬಲದಿಂದ ಮೊಣಕೈಯಿಂದ ಒತ್ತಿದೆ. ಸ್ಪೀಕರಿನಲ್ಲಿ ಸಿಂದಗಿಯ ಯಾರೋ ಹಿರಿಯರು.

“ನೆಟ್ ಯಾವಾಗ ಬರ್ತೈತ್ರಿ?”

“ಕೆಲಸ ನಡದೈತ್ರಿ.”

“ಅದೇನ್ ಸಪ್ಪಳಾರಿ, ಧಬಾಧಬಾ?”

“ಬಡ್ಯಾಕತ್ತಾರ್ರಿ.”

“ಲಗೂ ಲಗೂ ಬಡೀರಿ ಅನ್ರಿ. ನಂದೊಂದು ಧಾರಾವಾಹಿ ಅರ್ಧಕ್ಕ ನಿಂತೈತಿ.”

ಲೈನ್‌ಮನ್ ಇಷ್ಟೂ ಹೊತ್ತು ಚಾಚಿದ ಕೈಯಲ್ಲೇ ನಿಂತಿದ್ದ. ಈಗ ಅದನ್ನು ತಿರುಗಿಸಿ ಪೈಪಿನವನ ಮುಂದೆ ಹಿಡಿದ. “ಅವ ಕೈ ಕೊಟ್ಟಿಲ್ಲ,” ಎಂದ. “ಕೈ ಕೊಡದಾವಂಗ ಹೊಡೀತಿ? ಹಂಗಾರ ನೀ ಕೊಡು.” ಆ ಮನುಷ್ಯ ಗರಡಿಮನೆ ಕಂಡವನಲ್ಲ. ಶಾಬಾಸ್ ಹೇಳುತ್ತಿದ್ದಾನೆಂದುಕೊಂಡು ಪೈಪು ಎಡಗೈಗೆ ಬದಲಿಸಿ ಬಲಗೈ ಕೊಟ್ಟ. ಲೈನ್‌ಮನ್ ಆ ಕೈಯನ್ನು ಒತ್ತಿದ; ಬಿಡಲಿಲ್ಲ. ಮುಂದಿನ ಕ್ಷಣ ಆ ಮನುಷ್ಯ ತೊಗರಿ ಹೊಲದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ, ತೋಳು ಇರಬಾರದ ದಿಕ್ಕಿಗೆ ತಿರುಗಿತ್ತು. ಎರಡನೆಯವನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತ. ಲೈನ್‌ಮನ್ ಅದನ್ನೂ ಉತ್ತರವೆಂದೇ ಭಾವಿಸಿದ. ಇಲ್ಲಿ ಮಾತ್ರ ನಿಯಮ ತುಸು ಬಾಗಿತೆಂದು ನನ್ನ ಅಭಿಪ್ರಾಯ. ಎರಡನೆಯವನ ಮೂಗು ಒಡೆಯುತ್ತಿರುವಾಗ ನಾನು ಆ ಆಕ್ಷೇಪ ಎತ್ತಲಿಲ್ಲ.

ಕೊನೆಯ ಎಳೆ ಕೂಡಿತು. ಜೋಡಣೆಯನ್ನು ಡಬ್ಬಿಯೊಳಗಿಟ್ಟು, ತಿರುಪು ಬಿಗಿದು, ಕೇಬಲ್ಲಿನ ಎಳೆತ ತಡೆಯಲು ಕಂಬದಿಂದ ಕಂಬಕ್ಕೆ ಹಗ್ಗ ಎಳೆದು ಕಟ್ಟಿದ ಮೇಲೆ ಪೈಲ್ವಾನ ನಿಧಾನವಾಗಿ ಕೈ ಬಿಟ್ಟ. ಕುಳಿತ. ಲೈನ್‌ಮನ್ ಅವನ ಹತ್ತಿರ ಬಂದು ನಿಂತ.

“ನೆಟ್ಟಗ ಕುಂಡ್ರು ಅಣ್ಣಾ, ಉಸರ ಹಿಡೀತೈತಿ.”

“ಈಗ ಕೈ ಖಾಲಿ ಅದಾವು.”

“ಬ್ಯಾಡ ಬಿಡು. ಯಾವಾಗರ ಆಡೂಣು.”

ಸಂಜೆಯ ಹೊತ್ತಿಗೆ ಸಿಂದಗಿಗೂ ಮುದ್ದೇಬಿಹಾಳಕ್ಕೂ ನೆಟ್ ಬಂತು. ಬಾಗೇವಾಡಿಯ ಆಸ್ಪತ್ರೆಯಲ್ಲಿ ಪೈಲ್ವಾನನ ಪಕ್ಕೆಲುಬುಗಳಿಗೆ ಪಟ್ಟಿ ಸುತ್ತಿದರು. ಪೊಲೀಸರು ವಿಚಾರಿಸಿದಾಗ, ಪೈಲ್ವಾನ ಕೈ ಎತ್ತಲಿಲ್ಲವೆಂದು ನಾನು ಹೇಳಿದೆ, ಲೈನ್‌ಮನ್ ಹೇಳಿದ, ಮೂಗು ಒಡೆಸಿಕೊಂಡವನೂ ಹೇಳಿದ. ಲೈನ್‌ಮನ್‌ನನ್ನು ಒಳಗೆ ಹಾಕಿದರು. ಪೈಲ್ವಾನನಿಗೆ ಹೆಣ್ಣುಮಗು ಹುಟ್ಟಿತು. ಆ ದಿನ ಅವನು ಮನೆಯಲ್ಲಿದ್ದ.